ಕೈಕಸುಬೂ ಕಾಯಕವೇ: ಯಂತ್ರಶಾಲೆಯ ಹಾದಿ ಹಿಡಿಯುವ ಮಕ್ಕಳಿಗೆ

ಹಾಸನ ನಗರಕ್ಕೆ ಹತ್ತಿರದ ಬೂವನಹಳ್ಳಿಯ ಹೆಸರು ಇಂದು ವಿಮಾನ ನಿಲ್ದಾಣದ ಕಾಮಗಾರಿಯಿಂದ ನಾಡಿನೆಲ್ಲೆಡೆ ಕೇಳಿಬರುತ್ತಿದೆ. ಆಲೂಗಡ್ಡೆ, ರಾಗಿ, ಜೋಳ ಬೆಳೆಯುತ್ತಿದ್ದ ನೂರಾರು ಎಕರೆ ನೆಲ ಈ ಯೋಜನೆಗೆ ಸಂದಿದೆ. ಸುತ್ತಲಿನ ಊರುಗಳಲ್ಲಿ ಉಳಿದಿರುವ ಹೊಲಗಳೂ ಅಣ್ಣತಮ್ಮಂದಿರ ಪಾಲಿನಲ್ಲಿ ತುಂಡಾಗಿ, ಒಂದು ಸಂಸಾರವನ್ನು ಸಾಕುವಷ್ಟು ದೊಡ್ಡದಾಗಿಲ್ಲ. ಆದ್ದರಿಂದಲೇ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದೊಡನೆ, “ಮಗನನ್ನು ಮುಂದೆ ಏನು ಓದಿಸಬೇಕು ಬುದ್ಧಿ?” ಎಂದು ಭಕ್ತರು ಕೇಳುತ್ತಾರೆ. ಈ ಪ್ರಶ್ನೆಯ ಹಿಂದೆ ಒಂದು ಮನೆಯ ನಾಳೆಯೇ ನಿಂತಿರುತ್ತದೆ.

ಸಾಲ ಮಾಡಿಯಾದರೂ ಪದವಿ ಓದಿಸಬೇಕು, ಐಟಿಐ ಎಂದರೆ ಅಂಕ ಬಾರದವರ ಪಾಲು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಶರಣ ಪರಂಪರೆಯವರಾದ ನಮಗೆ ಈ ಭಾವನೆ ಒಪ್ಪುವಂಥದ್ದಲ್ಲ. ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ ಮೊದಲಾದವರು ತಮ್ಮ ಕಸುಬನ್ನೇ ಹೆಸರಿನೊಡನೆ ಧರಿಸಿದರು. ಕಸುಬನ್ನು ಮುಚ್ಚಿಡದೆ ಅದರಿಂದಲೇ ಗುರುತಿಸಿಕೊಂಡ ಆ ಹಿರಿಯರ ಮಕ್ಕಳಾದ ನಾವು, ಎಣ್ಣೆ ಹತ್ತಿದ ಕೈಗಳಿಗೆ ನಾಚುವುದು ಸಲ್ಲದು.

ಈಗ ಇರುವ ದಾರಿಗಳನ್ನು ನೋಡೋಣ. ಮೊದಲನೆಯದು ಕೈಗಾರಿಕಾ ತರಬೇತಿ ಸಂಸ್ಥೆ, ಅಂದರೆ ಐಟಿಐ. ಕುಶಲಕರ್ಮಿಗಳ ತರಬೇತಿಗಾಗಿ ಭಾರತ ಸರ್ಕಾರ 1950ರಲ್ಲಿ ಆರಂಭಿಸಿದ ಯೋಜನೆಯಿಂದ ಬೆಳೆದ ವ್ಯವಸ್ಥೆಯಿದು. ಫಿಟ್ಟರ್, ಟರ್ನರ್, ಮೆಷಿನಿಸ್ಟ್, ಎಲೆಕ್ಟ್ರಿಷಿಯನ್ ವೃತ್ತಿಗಳಿಗೆ ಎರಡು ವರ್ಷ, ವೆಲ್ಡರ್ ವೃತ್ತಿಗೆ ಒಂದು ವರ್ಷದ ಕಲಿಕೆ. ಸರ್ಕಾರಿ ಸಂಸ್ಥೆಗಳಲ್ಲಿ ಶುಲ್ಕ ಅಲ್ಪ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿಸಿ, 2022ರ ಜೂನ್‌ನಲ್ಲಿ ಲೋಕಾರ್ಪಣೆ ಮಾಡಲಾಯಿತು. ಹಳೆಯ ಲೇತ್ ಯಂತ್ರದ ಜೊತೆಗೆ ಗಣಕ ನಿಯಂತ್ರಿತ ಸಿಎನ್‌ಸಿ ಯಂತ್ರ, ರೋಬಾಟ್ ಇವುಗಳನ್ನೂ ಮಕ್ಕಳು ಕಲಿಯಲೆಂಬುದು ಅದರ ಉದ್ದೇಶ.

ಎರಡನೆಯದು ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ. ಜಿಟಿಟಿಸಿ ಎಂದು ಹೆಸರಾದ ಈ ಸಂಸ್ಥೆ ಡೆನ್ಮಾರ್ಕ್ ಸರ್ಕಾರದ ಸಹಕಾರದೊಂದಿಗೆ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಇಂದು ಹಾಸನದಲ್ಲಿಯೂ ಇದರ ಕೇಂದ್ರವಿದೆ. ಬಸವಣ್ಣನವರ ಐಕ್ಯಸ್ಥಳವಾದ ಕೂಡಲಸಂಗಮದಲ್ಲಿಯೂ ಇದೆ. ಇಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮೂರು ವರ್ಷದ ಕಲಿಕೆ ಹಾಗೂ ಒಂದು ವರ್ಷ ಕಾರ್ಖಾನೆಯಲ್ಲಿಯೇ ಪಡೆಯುವ ತರಬೇತಿಯನ್ನು ಒಳಗೊಂಡಿದೆ. ಮೂರನೆಯದು ಪಾಲಿಟೆಕ್ನಿಕ್‌ಗಳ ಮೂರು ವರ್ಷದ ಡಿಪ್ಲೊಮಾ.

ಡೈ ಎಂದರೇನೆಂದು ಕೇಳುವವರಿಗೆ ಒಂದು ಮಾತು. ನಾವು ದಿನವೂ ತೆರೆಯುವ ನೀರಿನ ಬಾಟಲಿಯ ಮುಚ್ಚಳ ಒಂದು ಅಚ್ಚಿನಿಂದ ಹುಟ್ಟುತ್ತದೆ. ಒಂದೇ ಅಚ್ಚು ಲಕ್ಷಾಂತರ ಮುಚ್ಚಳಗಳನ್ನು ಕೊಡುತ್ತದೆ. ಅಚ್ಚು ಕೂದಲೆಳೆಯಷ್ಟು ತಪ್ಪಿದರೂ ಅಷ್ಟೂ ಮುಚ್ಚಳಗಳು ಸೋರುತ್ತವೆ. ಆದ್ದರಿಂದ ಅಲ್ಲಿ ಕಲಿಯುವ ಹುಡುಗ ಮೊದಲು ಅರಿಯುವುದು ಅಳತೆಯನ್ನು. ಮೈಕ್ರೋಮೀಟರ್ ಎಂಬ ಸಾಧನದಿಂದ ಮಿಲಿಮೀಟರಿನ ನೂರನೆಯ ಒಂದು ಭಾಗವನ್ನು ಅವನು ಅಳೆಯುತ್ತಾನೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಲಕ್ಕಮ್ಮ ತಾಯಿ ಹೇಳಿದ ಪ್ರಸಂಗ ನಮಗೆಲ್ಲ ತಿಳಿದದ್ದೇ. ಹೆಚ್ಚೂ ಬೇಡ, ಕಡಿಮೆಯೂ ಬೇಡ ಎಂಬ ಆ ಎಚ್ಚರವೇ ಯಂತ್ರಶಾಲೆಯಲ್ಲಿಯೂ ಬೇಕಾದದ್ದು.

ಕಲಿತ ಮೇಲೆ ಶಿಶಿಕ್ಷು ತರಬೇತಿ, ಅಂದರೆ ಅಪ್ರೆಂಟಿಸ್‌ಶಿಪ್ ಇದೆ. 1961ರ ಕಾಯಿದೆ ಇದಕ್ಕೆ ಆಧಾರ. ಕಾರ್ಖಾನೆಯಲ್ಲಿ ದುಡಿಯುತ್ತ ಕಲಿಯುವ ಈ ಅವಧಿಯಲ್ಲಿ ಮಾಸಿಕ ಭತ್ಯೆ ದೊರೆಯುತ್ತದೆ. ಜರ್ಮನಿಯಂಥ ದೇಶಗಳಲ್ಲಿ ವಾರದ ಕೆಲವು ದಿನ ಶಾಲೆ, ಉಳಿದ ದಿನ ಕಾರ್ಖಾನೆ ಎಂಬ ಪದ್ಧತಿಯಿಂದಲೇ ಕುಶಲಕರ್ಮಿಗಳು ಸಿದ್ಧರಾಗುತ್ತಾರೆ. ಅಮೆರಿಕದಲ್ಲಿ ಸಮುದಾಯ ಕಾಲೇಜುಗಳು ಇಂಥ ಕೆಲಸ ಮಾಡುತ್ತವೆ. ಆದರೆ ಒಂದು ಸತ್ಯವನ್ನು ಮರೆಮಾಚಬಾರದು. ಅಪ್ರೆಂಟಿಸ್ ಅವಧಿ ಮುಗಿದವರನ್ನೆಲ್ಲ ನೌಕರಿಗೆ ತೆಗೆದುಕೊಳ್ಳಲೇಬೇಕೆಂಬ ಕಡ್ಡಾಯ ಕಾರ್ಖಾನೆಗಳಿಗಿಲ್ಲ. ಕೈಯಲ್ಲಿ ಉಳಿಯುವುದು ಅನುಭವ ಮತ್ತು ಪ್ರಮಾಣಪತ್ರ. ಅವೆರಡೂ ಇದ್ದವನಿಗೆ ಬೇರೆ ಕಾರ್ಖಾನೆಯ ಬಾಗಿಲು ತಟ್ಟುವ ಧೈರ್ಯವಿರುತ್ತದೆ. ಇಲ್ಲದವನು ಗುತ್ತಿಗೆದಾರನ ಕೈಕೆಳಗೆ ದಿನಗೂಲಿಯಾಗಿಯೇ ಉಳಿಯುವ ಅಪಾಯವಿದೆ. ನೆಲ ಕಳೆದುಕೊಂಡ ಊರಿನ ಮಕ್ಕಳು ಅದೇ ನೆಲದ ಮೇಲೆ ಎದ್ದ ಕಟ್ಟಡಗಳಲ್ಲಿ ಕಾವಲುಗಾರರಾಗಿ ಮಾತ್ರ ನಿಲ್ಲಬಾರದೆಂಬುದು ನಮ್ಮ ಕಳಕಳಿ.

ಐಟಿಐ ಸೇರಿದರೆ ಓದು ನಿಂತುಹೋಗುತ್ತದೆಂಬ ಭಯವೂ ಬೇಡ. ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವರು ಎಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ನೇರ ಪ್ರವೇಶ ಪಡೆಯಲು ಅವಕಾಶವಿದೆ. ಹಾಸನದಲ್ಲಿ 1982ರಿಂದ ಉಪಗ್ರಹಗಳನ್ನು ನಿಯಂತ್ರಿಸುತ್ತಿರುವ ಇಸ್ರೊದ ಪ್ರಧಾನ ನಿಯಂತ್ರಣ ಕೇಂದ್ರವೂ ಐಟಿಐ ಕಲಿತವರನ್ನು ತಂತ್ರಜ್ಞರ ಹುದ್ದೆಗೆ ಆರಿಸಿಕೊಳ್ಳುತ್ತದೆ.

ಪೋಷಕರಲ್ಲಿ ನಮ್ಮ ಸೂಚನೆಗಳಿವು. ಖಾಸಗಿ ಸಂಸ್ಥೆಗೆ ಹಣ ಕಟ್ಟುವ ಮುನ್ನ, ಮಗು ಸೇರಲಿರುವ ವೃತ್ತಿಗೆ ಆ ಸಂಸ್ಥೆ ರಾಷ್ಟ್ರೀಯ ಮಾನ್ಯತೆ ಪಡೆದಿದೆಯೇ ಎಂದು ವಿಚಾರಿಸಿರಿ. ಕೆಲಸ ಕೊಡಿಸುವುದಾಗಿ ಮುಂಗಡ ಕೇಳುವ ಮಧ್ಯವರ್ತಿಗಳನ್ನು ದೂರವಿಡಿರಿ. ಸೇರಿಸುವ ಮೊದಲು ಮಗುವನ್ನು ಕರೆದುಕೊಂಡು ಹೋಗಿ ಕಾರ್ಯಾಗಾರವನ್ನು ಕಣ್ಣಾರೆ ನೋಡಿರಿ. ಯಂತ್ರಗಳು ಓಡುತ್ತಿವೆಯೇ, ಧೂಳು ಹಿಡಿದಿವೆಯೇ ಎಂಬುದು ಅಲ್ಲಿಯೇ ತಿಳಿಯುತ್ತದೆ. ಹೆಣ್ಣುಮಕ್ಕಳನ್ನು ಈ ಹಾದಿಯಿಂದ ಹೊರಗಿಡಬೇಡಿರಿ. ಸಿಎನ್‌ಸಿ ಯಂತ್ರ ಬೇಡುವುದು ತೋಳಿನ ಬಲಕ್ಕಿಂತ ಹೆಚ್ಚಾಗಿ ಬುದ್ಧಿಯ ಏಕಾಗ್ರತೆಯನ್ನು.

ಎಲ್ಲ ಮಕ್ಕಳೂ ಯಂತ್ರಶಾಲೆಗೇ ಹೋಗಬೇಕೆಂದು ನಾವು ಹೇಳುತ್ತಿಲ್ಲ. ಕೈಯಲ್ಲಿ ಕುಶಲತೆಯುಳ್ಳ ಮಗುವನ್ನು ನೆರೆಹೊರೆಯವರ ಮಾತಿಗೆ ಅಂಜಿ ಬೇರೆಡೆಗೆ ತಳ್ಳಬೇಡಿರೆಂದಷ್ಟೇ ಕೋರುತ್ತೇವೆ. ಶ್ರದ್ಧೆಯಿಂದ ಕಲಿತು, ಸತ್ಯಶುದ್ಧವಾಗಿ ದುಡಿದು, ಗಳಿಸಿದ್ದರಲ್ಲಿ ದಾಸೋಹಕ್ಕೊಂದು ಪಾಲು ತೆಗೆದಿಡುವ ಯುವಕ ಯುವತಿಯರು ನಮ್ಮ ಊರುಗಳಲ್ಲಿ ಹೆಚ್ಚಲಿ.