ಉಂಡದ್ದು ಮರೆತ ಅವ್ವ

ಈಗಷ್ಟೇ ರೊಟ್ಟಿ ಉಂಡ ಅವ್ವ ಮತ್ತೆ ಕೇಳುತ್ತಾಳೆ: ‘ನನಗ ಉಣ್ಣಾಕ ಯಾಕ ಕೊಟ್ಟಿಲ್ಲ?’ ಮಗಳು ಗದರುತ್ತಾಳೆ. ಆಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಅಳುತ್ತಾಳೆ.

ಜನ ಇದಕ್ಕೆ ಅರಳುಮರಳು ಅಂತಾರೆ. ಆದರೆ ಡಿಮೆನ್ಶಿಯಾ ಮಿದುಳಿನ ಕಾಯಿಲೆ. ಅದರ ಒಂದು ಬಗೆಯಾದ ಅಲ್ಜೈಮರ್‌ನಲ್ಲಿ ಹೊಸ ನೆನಪು ಕೂಡಿಡುವ ಭಾಗಕ್ಕೆ ಮೊದಲು ಪೆಟ್ಟು. ಉಂಡದ್ದು ಅಳಿಸಿಹೋಗಿ, ತವರಿನ ಜಾತ್ರೆ ಉಳಿಯುತ್ತದೆ. ವಾದ ಮಾಡಬೇಡಿ. ‘ತಡೀಯವ್ವ, ತರ್ತೇನಿ’ ಅಂದು ಮಾತು ತಿರುಗಿಸಿ.

ಶಿಗ್ಗಾಂವಿ ತಾಲ್ಲೂಕಿನ ಹಿರೇಬೆಂಡಿಗೇರಿಯಂಥ ಊರಲ್ಲಿ ನೋಡಿಹೋಗುವವರಿಗೆ ಬರವಿಲ್ಲ. ರಾತ್ರಿ ಎದ್ದು ಕೂಡುವವರು ಒಬ್ಬರೇ, ಹೆಚ್ಚಾಗಿ ಮಗಳು ಇಲ್ಲವೇ ಸೊಸೆ. ಅಣ್ಣತಮ್ಮಂದಿರೇ, ಫೋನಿನಲ್ಲಿ ‘ಅವ್ವ ಹೆಂಗದಾಳ?’ ಅಂದರೆ ಸಾಲದು. ವಾರಕ್ಕೆ ಎರಡು ರಾತ್ರಿ ಬಂದು ಕೂಡ್ರಿ!

ತಪಾಸಣೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಆರೈಕೆ ಮಾಡುವವರಿಗೇ ಮನಸ್ಸು ಕುಸಿದರೆ, ಟೆಲಿ ಮಾನಸ್: 14416. 2022ರಲ್ಲಿ ಶುರುವಾದ ಉಚಿತ ಸಹಾಯವಾಣಿ. ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು.