ಬೀಗ ಜಗ್ಗಿ ನೋಡಿದ್ರಾ?

*ಬಟನ್ ಒತ್ತಿದರೆ ಬಾಗಿಲು ತೆರೆಯುತ್ತೆ, ಇನ್ನೊಮ್ಮೆ ಒತ್ತಿದರೆ ಮುಚ್ಚುತ್ತೆ. ಕಾರಿನ ರಿಮೋಟ್ ಕೀ ಎಷ್ಟು ಸುಲಭವೋ ಅಷ್ಟೇ ಎಚ್ಚರವನ್ನೂ ಬೇಡುತ್ತದೆ. ಅದರಲ್ಲೂ ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ...*

ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದು ಕೈಯಲ್ಲಿ ಮಗುವಿನ ಸ್ಕೂಲ್ ಬ್ಯಾಗು, ಹೆಗಲಿನಿಂದ ಜಾರುತ್ತಿರುವ ಪರ್ಸು, ಕಿವಿಗೂ ಭುಜಕ್ಕೂ ನಡುವೆ ಮೊಬೈಲು. ಇಷ್ಟರ ಮಧ್ಯೆ ಹೆಬ್ಬೆರಳಿನಿಂದ ಕಾರಿನ ರಿಮೋಟ್ ಒಮ್ಮೆ ಒತ್ತಿ, ಹಿಂದೆ ತಿರುಗಿಯೂ ನೋಡದೆ ಹೊರಟುಬಿಡುತ್ತೀರಿ. ‘ಲಾಕ್ ಆಯ್ತಾ?’ ಅಂತ ಯಾರಾದರೂ ಕೇಳಿದರೆ, ‘ಆಗಿರುತ್ತೆ ಬಿಡು’ ಅನ್ನುತ್ತೀರಿ. ಈ ‘ಆಗಿರುತ್ತೆ ಬಿಡು’ ಇದೆಯಲ್ಲ, ತೊಂದರೆ ಶುರುವಾಗುವುದೇ ಅಲ್ಲಿಂದ.

ನಮ್ಮ ಅಜ್ಜಿಯರನ್ನು ನೆನಪಿಸಿಕೊಳ್ಳಿ. ಬೀಗದ ಕೈ ಗೊಂಚಲು ಸದಾ ಸೊಂಟದಲ್ಲಿ. ಮನೆಗೆ ಬೀಗ ಹಾಕಿದ ಮೇಲೆ ಅದನ್ನೊಮ್ಮೆ ಜಗ್ಗಿ ನೋಡದೆ ಅವರು ಮೆಟ್ಟಿಲು ಇಳಿಯುತ್ತಿರಲಿಲ್ಲ. ರಿಮೋಟ್ ಬಂದಮೇಲೆ ನಾವು ಕಳೆದುಕೊಂಡಿದ್ದು ಆ ಒಂದು ಜಗ್ಗಾಟವನ್ನು!

ಸುಬ್ರಹ್ಮಣ್ಯಪುರ, ಉತ್ತರಹಳ್ಳಿ, ಪದ್ಮನಾಭನಗರದ ಕಡೆ ಈಗ ಮಕ್ಕಳನ್ನು ಟ್ಯೂಷನ್‌ಗೆ ಬಿಡುವುದು, ಜಯನಗರ 4ನೇ ಬ್ಲಾಕಿನಲ್ಲಿ ಶಾಪಿಂಗ್, ಅತ್ತೆಯನ್ನು ಬನಶಂಕರಿ ದೇವಸ್ಥಾನಕ್ಕೆ ಕರೆದೊಯ್ಯುವುದು, ಎಲ್ಲಕ್ಕೂ ಸ್ಟೀರಿಂಗ್ ಹಿಡಿಯುವವರು ನೀವೇ ತಾನೆ? ಹಾಗಿದ್ದ ಮೇಲೆ ಕೀ ಬಗ್ಗೆ ತಿಳಿದುಕೊಳ್ಳಬೇಕಾದವರೂ ನೀವೇ.

ಒಳಗೆ ನಡೆಯೋದೇನು?

ರಿಮೋಟ್ ಅನ್ನುವುದು ಒಂದು ಪುಟಾಣಿ ರೇಡಿಯೋ. ಬಟನ್ ಒತ್ತಿದಾಗ ಅದು ಗುಟ್ಟಿನ ಸಂಕೇತವೊಂದನ್ನು ಕಳಿಸುತ್ತದೆ. ಕಾರು ಅದನ್ನು ಗುರುತು ಹಿಡಿದು ಬಾಗಿಲು ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಈಗಿನ ರಿಮೋಟ್‌ಗಳಲ್ಲಿ ಈ ಸಂಕೇತ ಪ್ರತಿ ಸಲವೂ ಬದಲಾಗುತ್ತದೆ. ನಿನ್ನೆಯ ಸಂಕೇತ ಇವತ್ತು ನಡೆಯುವುದಿಲ್ಲ. ಮಗುವಿನ ಕೈಗೆ ಆಟಕ್ಕೆ ಕೊಟ್ಟು, ಕಾರು ಇಲ್ಲದ ಕಡೆ ಅದು ಟಿಕ್ ಟಿಕ್ ಅಂತ ಒತ್ತುತ್ತಲೇ ಇದ್ದರೆ ರಿಮೋಟಿನ ಲೆಕ್ಕವೂ ಕಾರಿನ ಲೆಕ್ಕವೂ ತಾಳೆಯಾಗದೆ ಹೋಗಬಹುದು. ಬ್ಯಾಟರಿಯೂ ಬೇಗ ಖಾಲಿ.

ಇದಲ್ಲದೆ ಕೀಯೊಳಗೆ ಇನ್ನೊಂದು ಚಿಪ್ ಇರುತ್ತದೆ. ಅದು ಹತ್ತಿರ ಇಲ್ಲದಿದ್ದರೆ ಇಂಜಿನ್ ಸ್ಟಾರ್ಟ್ ಆಗುವುದಿಲ್ಲ. ಬರೀ ಲೋಹದ ನಕಲಿ ಕೀ ಮಾಡಿಸಿದರೆ ಬಾಗಿಲೇನೋ ತೆರೆದೀತು, ಗಾಡಿ ಹೊರಡದು. ಪರ್ಸಿನಲ್ಲೇ ಇಟ್ಟುಕೊಂಡು ಬಾಗಿಲ ಹಿಡಿ ಮುಟ್ಟಿದರೆ ತೆರೆಯುವ, ಬಟನ್ ಒತ್ತಿ ಸ್ಟಾರ್ಟ್ ಮಾಡುವ ‘ಸ್ಮಾರ್ಟ್ ಕೀ’ ಇದರ ಮುಂದಿನ ತಲೆಮಾರು.

ಮೊದಲು ತಲೆ ಎಣಿಸಿ

ಕಳ್ಳತನದ ಮಾತು ಆಮೇಲೆ. ಎಲ್ಲಕ್ಕಿಂತ ಮುಖ್ಯವಾದದ್ದು ಮಕ್ಕಳ ವಿಷಯ. 2024ರ ಮೇ ತಿಂಗಳಲ್ಲಿ ರಾಜಸ್ಥಾನದ ಕೋಟಾ ಬಳಿ ಕುಟುಂಬವೊಂದು ಮದುವೆಗೆ ಹೋಗಿತ್ತು. ತಾಯಿ ದೊಡ್ಡ ಮಗಳ ಜೊತೆ ಇಳಿದರು, ತಂದೆ ಕಾರು ನಿಲ್ಲಿಸಿ, ಲಾಕ್ ಮಾಡಿ ಬಂದರು. ಮೂರು ವರ್ಷದ ಚಿಕ್ಕ ಮಗಳು ಒಳಗೇ ಉಳಿದಿದ್ದಳು. ಮಗು ಅಮ್ಮನ ಜೊತೆ ಇದೆ ಎಂದು ಅಪ್ಪ, ಅಪ್ಪನ ಜೊತೆ ಇದೆ ಎಂದು ಅಮ್ಮ. ಗೊತ್ತಾಗುವಷ್ಟರಲ್ಲಿ ಕಾಲ ಮೀರಿತ್ತು. 2025ರ ಮೇನಲ್ಲಿ ನೆರೆಯ ಆಂಧ್ರದ ವಿಜಯನಗರಂ ಜಿಲ್ಲೆಯ ಹಳ್ಳಿಯೊಂದರಲ್ಲಿ ಆಟವಾಡುತ್ತಾ ನಿಂತ ಕಾರಿನೊಳಗೆ ಹೋದ ನಾಲ್ವರು ಮಕ್ಕಳು ಬಾಗಿಲು ಲಾಕ್ ಆಗಿ ಹೊರಬರಲಾಗದೆ ಪ್ರಾಣ ಬಿಟ್ಟರು.

‘ನಮ್ಮ ಬೆಂಗಳೂರಲ್ಲಿ ಅಷ್ಟೊಂದು ಸೆಕೆ ಎಲ್ಲಿ?’ ಅನ್ನಬೇಡಿ. ಬಿಸಿಲಲ್ಲಿ ನಿಂತ ಕಾರಿನ ಒಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಗಾಜು ಸ್ವಲ್ಪ ಇಳಿಸಿಟ್ಟರೂ ಹೆಚ್ಚು ಪ್ರಯೋಜನವಿಲ್ಲ. ಪುಟ್ಟ ಮಕ್ಕಳ ಮೈ ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ಬೇಗ ಬಿಸಿಯಾಗುತ್ತದೆ.

ಆದ್ದರಿಂದ ಮನೆಯಲ್ಲಿ ಒಂದು ನಿಯಮ ಮಾಡಿ. ಲಾಕ್ ಬಟನ್ ಯಾರು ಒತ್ತುತ್ತಾರೋ ಅವರೇ ತಲೆ ಎಣಿಸಬೇಕು. ಹಿಂದಿನ ಬಾಗಿಲು ತೆರೆದು, ಸೀಟು ನೋಡಿ, ಮಗುವಿನ ಕೈ ಹಿಡಿದ ಮೇಲೆಯೇ ಬಟನ್.

* ಕೀಯನ್ನು ಮಗುವಿನ ಕೈಗೆ ಕೊಟ್ಟು ಸೀಟಿನಲ್ಲಿ ಕೂರಿಸಿ ಇಳಿಯಬೇಡಿ. ಒಳಗಿನಿಂದ ಅದು ಲಾಕ್ ಒತ್ತಿದರೆ ನೀವು ಹೊರಗೆ, ಕೀ ಒಳಗೆ.
* ‘ಅನ್‌ಲಾಕ್’ ಮಾಡಿ ಬಾಗಿಲು ತೆರೆಯದಿದ್ದರೆ ಅನೇಕ ಕಾರುಗಳು ಅರ್ಧ ನಿಮಿಷದಲ್ಲಿ ತಾವೇ ಮತ್ತೆ ಲಾಕ್ ಆಗುತ್ತವೆ. ಡಿಕ್ಕಿಯಲ್ಲಿ ಸಾಮಾನು ಇಡುವಾಗ ಪರ್ಸು, ಕೀ ಎರಡನ್ನೂ ಅಲ್ಲೇ ಇಟ್ಟು ಮುಚ್ಚಬೇಡಿ.
* ಹಾಲಿನ ಬೂತ್ ಮುಂದೆ ಏ.ಸಿ. ಹಾಕಿ, ಮಗುವನ್ನು ಒಳಗೆ ಕೂರಿಸಿ ‘ಎರಡೇ ನಿಮಿಷ’ ಅಂತ ಇಳಿಯುವುದು ಬೇಡ. ಚಾಲಕರ ಸೀಟಿನಲ್ಲಿ ಲೈಸೆನ್ಸ್ ಇದ್ದವರು ಇಲ್ಲದೆ ಸಾರ್ವಜನಿಕ ಜಾಗದಲ್ಲಿ ಇಂಜಿನ್ ಚಾಲೂ ಇಟ್ಟು ಗಾಡಿ ನಿಲ್ಲಿಸುವುದು 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರವೂ ತಪ್ಪು.
* ಹಿಂದಿನ ಬಾಗಿಲಿಗೆ ‘ಚೈಲ್ಡ್ ಲಾಕ್’ ಹಾಕಿದ್ದರೆ ಒಳಗಿನಿಂದ ಅದು ತೆರೆಯುವುದಿಲ್ಲ. ನಾಲ್ಕೈದು ವರ್ಷ ದಾಟಿದ ಮಕ್ಕಳಿಗೆ ಮುಂದಿನ ಸೀಟಿಗೆ ಬಂದು ಬಾಗಿಲು ತೆರೆಯುವುದನ್ನು, ಆಗದಿದ್ದರೆ ಹಾರ್ನ್ ಒತ್ತುತ್ತಲೇ ಇರುವುದನ್ನು ಹೇಳಿಕೊಡಿ. ಬಹುತೇಕ ಕಾರುಗಳಲ್ಲಿ ಇಂಜಿನ್ ಆಫ್ ಆಗಿದ್ದರೂ ಹಾರ್ನ್ ಕೆಲಸ ಮಾಡುತ್ತದೆ.
* ಮನೆ ಮುಂದೆ ನಿಂತ ಕಾರೂ ಸದಾ ಲಾಕ್ ಆಗಿರಲಿ. ಕಣ್ಣಾಮುಚ್ಚಾಲೆಗೆ ಅದು ಜಾಗವಲ್ಲ.

ಅಕಸ್ಮಾತ್ ಮಗು ಒಳಗೆ ಸಿಕ್ಕಿಹಾಕಿಕೊಂಡರೆ? ಇನ್ನೊಂದು ಕೀ ತರುವವರೆಗೆ ಕಾಯುತ್ತಾ ನಿಲ್ಲಬೇಡಿ. 112ಕ್ಕೆ ಫೋನ್ ಮಾಡಿ. ಮಗು ಬೆವರಿ ಸುಸ್ತಾದಂತೆ ಕಂಡರೆ, ಅದು ಕುಳಿತ ಜಾಗದಿಂದ ದೂರ ಇರುವ ಪಕ್ಕದ ಕಿಟಕಿ ಗಾಜಿನ ಮೂಲೆಗೆ ಗಟ್ಟಿ ವಸ್ತುವಿನಿಂದ ಹೊಡೆದು ಒಡೆಯಿರಿ. ಮುಂದಿನ ದೊಡ್ಡ ಗಾಜಿಗೆ ಹೊಡೆಯುತ್ತಾ ಕೂರಬೇಡಿ, ಅದು ಪದರದ ಗಾಜು, ಸುಲಭಕ್ಕೆ ಒಡೆದು ಉದುರದು. ಗಾಜಿನ ಖರ್ಚು ಎಷ್ಟೇ ಆಗಲಿ, ಅದನ್ನು ಆಮೇಲೆ ನೋಡಿಕೊಂಡರಾಯಿತು.

ಬೀಪ್ ಸದ್ದೊಂದನ್ನೇ ನಂಬಬೇಡಿ

ಮಾಲ್‌ನ ನೆಲಮಾಳಿಗೆ, ಕಲ್ಯಾಣ ಮಂಟಪದ ಬಯಲು, ಗಾಂಧಿಬಜಾರಿನ ರಸ್ತೆ ಬದಿ. ಹತ್ತಾರು ಕಾರುಗಳು ಕುಂಯ್ ಕುಂಯ್ ಅನ್ನುವಾಗ ನಿಮ್ಮದು ಯಾವ ಸದ್ದು? ಪಕ್ಕದ ಕಾರಿನ ಬೀಪ್ ಕೇಳಿ ನಿಮ್ಮದೇ ಅಂದುಕೊಳ್ಳುವುದು ಸುಲಭ. ಯಾವುದೋ ಬಾಗಿಲು ಸರಿಯಾಗಿ ಮುಚ್ಚಿರದೆಯೂ ಇರಬಹುದು. ಇದರ ಜೊತೆಗೆ ಕಳ್ಳರ ಉಪಾಯವೊಂದಿದೆ. ಅದೇ ತರಂಗಾಂತರದಲ್ಲಿ ಗದ್ದಲ ಎಬ್ಬಿಸುವ ‘ಜ್ಯಾಮರ್’ ಹಿಡಿದು ಹತ್ತಿರ ನಿಂತರೆ ನಿಮ್ಮ ಲಾಕ್ ಸಂಕೇತ ಕಾರಿಗೆ ತಲುಪುವುದೇ ಇಲ್ಲ. ನೀವು ಒತ್ತಿರುತ್ತೀರಿ, ಕಾರು ತೆರೆದೇ ಇರುತ್ತದೆ!

ಮದ್ದು ತೀರಾ ಸರಳ. ಕಾರಿನ ಪಕ್ಕದಲ್ಲೇ ನಿಂತು ಒತ್ತಿ. ದೀಪ ಮಿನುಗಿತಾ, ಕನ್ನಡಿ ಮಡಚಿತಾ ನೋಡಿ. ಆಮೇಲೆ ಬಾಗಿಲ ಹಿಡಿಯನ್ನೊಮ್ಮೆ ಎಳೆಯಿರಿ. ಸ್ಮಾರ್ಟ್ ಕೀ ಇರುವ ಕೆಲವು ಕಾರುಗಳಲ್ಲಿ ಕೀ ನಿಮ್ಮ ಹತ್ತಿರವೇ ಇರುವುದರಿಂದ ಹಿಡಿ ಮುಟ್ಟಿದ ಕೂಡಲೇ ಬಾಗಿಲು ತೆರೆದುಕೊಳ್ಳುತ್ತದೆ. ಅಂತಹ ಕಾರಾದರೆ ದೀಪ, ಕನ್ನಡಿ ನೋಡಿಕೊಳ್ಳಿ, ಇಲ್ಲವೇ ಕೀಯನ್ನು ಜೊತೆಗಿರುವವರ ಕೈಗೆ ಕೊಟ್ಟು ನಾಲ್ಕು ಹೆಜ್ಜೆ ದೂರ ಕಳಿಸಿ ಎಳೆದು ನೋಡಿ. ಎರಡು ಮೂರು ಸಲ ಒತ್ತಿದರೂ ಲಾಕ್ ಆಗದಿದ್ದರೆ ಲೋಹದ ಕೀಯಿಂದಲೇ ಲಾಕ್ ಮಾಡಿ, ಅಥವಾ ಜಾಗ ಬದಲಿಸಿ.

ಯಜಮಾನರ ಜೇಬಿನಲ್ಲಿ ಕೀ!

ಇದು ಸ್ಮಾರ್ಟ್ ಕೀ ಇದ್ದವರಿಗೆ ಮಾತ್ರ. ಬೆಳಿಗ್ಗೆ ಯಜಮಾನರೇ ಕಾರು ಓಡಿಸಿಕೊಂಡು ಬಂದು ಕೋಣನಕುಂಟೆ ಕ್ರಾಸ್ ಮೆಟ್ರೋ ಸ್ಟೇಷನ್ನಿನಲ್ಲಿ ಇಳಿದರು ಅನ್ನಿ. ಇಂಜಿನ್ ಚಾಲೂ ಇದೆ, ನೀವು ಆ ಸೀಟಿಗೆ ಬಂದು ಹೊರಟಿರಿ. ಕೀ ಮಾತ್ರ ಅವರ ಪ್ಯಾಂಟಿನ ಜೇಬಿನಲ್ಲಿ ಮೆಜೆಸ್ಟಿಕ್ ಕಡೆ ಪ್ರಯಾಣ! ಕಾರು ಬೀಪ್ ಅಂದು ಎಚ್ಚರಿಸಿದರೂ ಓಡುತ್ತಲೇ ಇರುತ್ತದೆ. ಸ್ಕೂಲಿನ ಮುಂದೆ ಆಫ್ ಮಾಡಿದಿರೋ, ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಆದ್ದರಿಂದ ಸೀಟು ಬದಲಾಗುವಾಗ ಕೀಯೂ ಕೈ ಬದಲಾಗಲಿ.

ಇಳಿಯುವಾಗ ಇಂಜಿನ್ ಆಫ್ ಆಗಿದೆಯೇ ಎಂದೂ ನೋಡಿ. ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳು ನಿಂತಾಗ ಸದ್ದೇ ಮಾಡುವುದಿಲ್ಲ, ಕೀ ತಿರುಗಿಸಿ ತೆಗೆಯುವ ಕೆಲಸವೂ ಇಲ್ಲದ್ದರಿಂದ ಮರೆವು ಸಹಜ.

ಮನೆಯಲ್ಲಿ ಕೀ ಜಾಗ ಎಲ್ಲಿ?

ನಮ್ಮ ಸೈಟುಗಳು 30×40. ಗೇಟಿನ ಒಳಗೆ ಕಾರು, ಎರಡು ಹೆಜ್ಜೆಗೆ ಮುಂಬಾಗಿಲು, ಬಾಗಿಲ ಪಕ್ಕದ ಗೋಡೆಗೆ ಚೆಂದದ ಕೀ ಸ್ಟ್ಯಾಂಡು. ಅಂದಕ್ಕೇನೋ ಸರಿ, ಆದರೆ ತೆರೆದ ಕಿಟಕಿಯಿಂದ ಕೋಲು ತೂರಿಸಿದರೆ ಸಿಗುವ ಜಾಗವದು. ಸ್ಮಾರ್ಟ್ ಕೀ ಆದರೆ ಇನ್ನೊಂದು ಅಪಾಯ. ಒಬ್ಬ ಮನೆಯ ಗೋಡೆ ಪಕ್ಕ, ಇನ್ನೊಬ್ಬ ಕಾರಿನ ಪಕ್ಕ ಉಪಕರಣ ಹಿಡಿದು ನಿಂತು, ಕೀಯ ಸಂಕೇತವನ್ನು ಕಾರಿಗೆ ದಾಟಿಸಿ ಬಾಗಿಲು ತೆರೆಯುವ ಕಳ್ಳತನ ವಿದೇಶಗಳಲ್ಲಿ ಮಾಮೂಲು. ಕೀಯನ್ನು ಒಳಕೋಣೆಯಲ್ಲಿ, ಮುಂಗೋಡೆಯಿಂದ ದೂರ ಇಡಿ. ಮುಚ್ಚಳ ಬಿಗಿಯಾಗಿರುವ ಲೋಹದ ಡಬ್ಬಿಯಲ್ಲಿಟ್ಟರೆ ಸಂಕೇತ ತಡೆಯಬಹುದು. ತಡೆಯುತ್ತದೋ ಇಲ್ಲವೋ ಎಂದು ನೀವೇ ಪರೀಕ್ಷಿಸಿ: ಡಬ್ಬಿ ಹಿಡಿದು ಕಾರಿನ ಪಕ್ಕ ನಿಂತು ಹಿಡಿ ಎಳೆಯಿರಿ. ಬಾಗಿಲು ತೆರೆದರೆ ಆ ಡಬ್ಬಿ ಚಕ್ಕುಲಿಗೇ ಸರಿ!

ಆಯುಧ ಪೂಜೆಯ ದಿನ ಕೀಗೆ ಅರಿಶಿನ ಕುಂಕುಮ ಹಚ್ಚುವಾಗ ಬಟನ್ ಸಂದಿಗೆ ನೀರು ಇಳಿಯದಂತೆ ನೋಡಿಕೊಳ್ಳಿ. ಅವತ್ತು ನಾಲ್ಕೂ ಬಾಗಿಲು ತೆರೆದು, ಕೀ ಒಳಗೇ ಬಿಟ್ಟು, ಮಕ್ಕಳನ್ನು ಸೀಟಿನಲ್ಲಿ ಕೂರಿಸಿ ಮಂಗಳಾರತಿ ಮಾಡುವ ಅಭ್ಯಾಸವೂ ಬೇಡ.

ಗುಂಡಿಯಷ್ಟೇ ಬ್ಯಾಟರಿ, ಬೆಟ್ಟದಷ್ಟು ಅಪಾಯ

ರಿಮೋಟ್ ಒಳಗಿರುವುದು ನಾಣ್ಯದಂತಹ 3 ವೋಲ್ಟ್ ಬ್ಯಾಟರಿ. ಮೊದಲು ದೂರದಿಂದ ಕೆಲಸ ಮಾಡುತ್ತಿದ್ದ ರಿಮೋಟ್ ಈಗ ಹತ್ತಿರ ಹೋದರೆ ಮಾತ್ರ ಕೇಳುತ್ತಿದೆಯಾ? ಎರಡು ಮೂರು ಸಲ ಒತ್ತಬೇಕಾ? ಹಾಗಿದ್ದರೆ ಬ್ಯಾಟರಿ ಬದಲಿಸುವ ಸಮಯ ಬಂತು ಅಂತ. ಹಳೆಯದನ್ನು ಟೇಬಲ್ ಮೇಲೆ ಬಿಡಬೇಡಿ. ಇದನ್ನು ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ನಾಣ್ಯ ನುಂಗಿದಾಗ ಮಾಡುವಂತೆ ಬಾಳೆಹಣ್ಣು, ಅನ್ನದ ಉಂಡೆ ನುಂಗಿಸುವುದು ಬೇಡ, ವಾಂತಿ ಮಾಡಿಸುವುದೂ ಬೇಡ. ‘ನಾಳೆ ಹೊರಗೆ ಬರುತ್ತೆ’ ಅಂತ ಕಾಯದೆ ತಕ್ಷಣ ಎಂಡೋಸ್ಕೋಪಿ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ ಓಡಿ. ಬ್ಯಾಟರಿಯ ಖಾಲಿ ಪ್ಯಾಕೆಟ್ ಇದ್ದರೆ ಜೊತೆಗೆ ಒಯ್ಯಿರಿ.

ಕೀ ಕೊಡುವಾಗ, ಕಳೆದಾಗ

* ಸರ್ವೀಸ್‌ಗೆ, ವ್ಯಾಲೆ ಪಾರ್ಕಿಂಗ್‌ಗೆ ಕಾರಿನ ಕೀ ಮಾತ್ರ ಕೊಡಿ. ಮನೆ ಕೀ, ಬೀರು ಕೀ ಗೊಂಚಲು ನಿಮ್ಮ ಹತ್ತಿರವೇ ಇರಲಿ. ಟೋಕನ್ ಜೋಪಾನ. ಹೋಟೆಲಿನವರು ಕೀ ಪಡೆದ ಮೇಲೆ ಟೋಕನ್ ಮೇಲೆ ‘ಮಾಲೀಕರದೇ ಹೊಣೆ’ ಎಂದು ಅಚ್ಚು ಹಾಕಿದ ಮಾತ್ರಕ್ಕೆ ತಮ್ಮ ನಿರ್ಲಕ್ಷ್ಯದಿಂದ ನುಣುಚಿಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ.
* ಕೀಚೈನ್ ಮೇಲೆ ಮನೆ ವಿಳಾಸ, ಕಾರಿನ ನಂಬರ್ ಬರೆಸಬೇಡಿ. ಸಿಕ್ಕವನಿಗೆ ನೀವೇ ದಾರಿ ತೋರಿಸಿದಂತೆ.
* ಎರಡನೇ ಕೀ ಮನೆಯಲ್ಲೇ ಇರಲಿ, ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಖಂಡಿತ ಬೇಡ. ಕಾರು ಕಳುವಾದರೆ ವಿಮೆ ಕಂಪನಿಯವರು ಸಾಮಾನ್ಯವಾಗಿ ಎರಡೂ ಅಸಲಿ ಕೀ ಕೇಳುತ್ತಾರೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗಲೂ ಎರಡೂ ಕೀ ಕೇಳಿ ಪಡೆಯಿರಿ.
* ಕೀ ಗಾಡಿಯಲ್ಲೇ ಬಿಟ್ಟು ಇಳಿದರೆ ವಿಮೆಯ ಹಣಕ್ಕೂ ಕತ್ತರಿ. ದಾರಿ ಕೇಳಲು ಇಳಿದ ಚಾಲಕ ಕೀ ಅಲ್ಲೇ ಬಿಟ್ಟು ಲಾರಿ ಕಳುವಾದ ಪ್ರಕರಣವೊಂದರಲ್ಲಿ ಮಾಲೀಕರು ಸುಪ್ರೀಂ ಕೋರ್ಟ್‌ವರೆಗೂ ಅಲೆಯಬೇಕಾಯಿತು. 2023ರಲ್ಲಿ ಸಿಕ್ಕಿದ್ದು ಶೇ. 75 ಮಾತ್ರ.
* ಕೀ ಕಳೆದರೆ ಪೊಲೀಸ್ ಠಾಣೆಗೆ ತಿಳಿಸಿ, ವಿಮೆ ಕಂಪನಿಗೂ ಹೇಳಿ. ಹೊಸ ಕೀ ಮಾಡಿಸುವಾಗ ಕಳೆದ ಕೀಯನ್ನು ಕಾರಿನ ನೆನಪಿನಿಂದ ಅಳಿಸಿಕೊಡಿ ಎಂದು ಕೇಳುವುದನ್ನು ಮರೆಯಬೇಡಿ.

ಇವತ್ತೇ ಹತ್ತು ನಿಮಿಷ

ಮಧ್ಯಾಹ್ನ ಬಿಡುವಾದಾಗ ಕೀ ಹಿಡಿದು ಕಾರಿನ ಹತ್ತಿರ ಹೋಗಿ. ಸ್ಮಾರ್ಟ್ ಕೀಯ ಹೊಟ್ಟೆಯಲ್ಲಿ ಅಡಗಿರುವ ಲೋಹದ ಪುಟ್ಟ ಕೀ ಹೊರತೆಗೆಯುವುದು ಹೇಗೆಂದು ನೋಡಿ, ಅದರಿಂದ ಬಾಗಿಲು ತೆರೆದು ಅಭ್ಯಾಸ ಮಾಡಿ. ಬ್ಯಾಟರಿ ಸತ್ತರೂ ಅನೇಕ ಕಾರುಗಳಲ್ಲಿ ಕೀಯನ್ನು ಸ್ಟಾರ್ಟ್ ಬಟನ್‌ಗೆ ತಾಗಿಸಿ ಒತ್ತಿದರೆ ಇಂಜಿನ್ ಚಾಲೂ ಆಗುತ್ತದೆ. ನಿಮ್ಮ ಕಾರಿನಲ್ಲಿ ಹೇಗೆ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಿ. ಎರಡನೇ ಕೀ ಎಲ್ಲಿದೆ ಹುಡುಕಿ, ಅದರ ಬ್ಯಾಟರಿಯೂ ಜೀವಂತವಾಗಿದೆಯಾ ನೋಡಿ. ಮಕ್ಕಳು ಸ್ಕೂಲಿನಿಂದ ಬಂದಮೇಲೆ ಅವರನ್ನು ಕಾರಿನಲ್ಲಿ ಕೂರಿಸಿ, ನೀವೂ ಜೊತೆಗೆ ಕುಳಿತು, ಹಾರ್ನ್ ಒತ್ತುವ ಆಟ ಆಡಿಸಿ. ಅಕ್ಕಪಕ್ಕದವರು ಒಂದು ನಿಮಿಷ ಬೈದುಕೊಂಡರೂ ಪರವಾಗಿಲ್ಲ!