ನಾಯಿಗಳ ಡಿಸ್ಟೆಂಪರ್ ರೋಗ: ಮನೆಯಂಗಳದಿಂದ ಕಾಡಿನವರೆಗೆ

ಅಕ್ಕರೆಯಿಂದ ತಂದು ಸಾಕಿದ ನಾಯಿಮರಿ ಮೂರು ನಾಲ್ಕು ತಿಂಗಳು ತುಂಬುವಷ್ಟರಲ್ಲಿ ಮಂಕಾಗಿ, ಅನ್ನ ಬಿಟ್ಟು, ಕಣ್ಣು ಮೂಗುಗಳಲ್ಲಿ ಕೀವು ಸುರಿಸುತ್ತ ಸಾಯುವುದುಂಟು. ಇದನ್ನು ದೃಷ್ಟಿ ತಗಲಿದುದೆಂದೋ ಬರಿಯ ಶೀತವೆಂದೋ ಭಾವಿಸುವವರಿದ್ದಾರೆ. ಇಂತಹ ಸಾವುಗಳಲ್ಲಿ ಹಲವಕ್ಕೆ ಕಾರಣ ಡಿಸ್ಟೆಂಪರ್ ಎಂಬ ಸಾಂಕ್ರಾಮಿಕ ರೋಗ.

ಈ ರೋಗವು ವೈರಸ್‌ನಿಂದ ಬರುವುದೆಂಬುದನ್ನು 1905ರಲ್ಲಿ ಫ್ರಾನ್ಸಿನ ಪಶುವೈದ್ಯ ಹೆನ್ರಿ ಕಾರೇ ಅವರು ತೋರಿಸಿಕೊಟ್ಟರು. ಮನುಷ್ಯರ ದಡಾರ, ದನಗಳ ದೊಡ್ಡರೋಗ ಇವುಗಳ ವೈರಸ್‌ಗಳೂ ಇದೇ ಕುಲಕ್ಕೆ ಸೇರಿದವು. ದೊಡ್ಡರೋಗವು ಲಸಿಕೆಯ ಬಲದಿಂದ ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು 2011ರಲ್ಲಿ ಘೋಷಿಸಲಾಯಿತು. ಡಿಸ್ಟೆಂಪರ್ ಇನ್ನೂ ಉಳಿದಿದೆ.

ರೋಗಿ ನಾಯಿಯ ಕೆಮ್ಮು ಸೀನುಗಳ ತುಂತುರಿನಿಂದ ಸೋಂಕು ಹರಡುತ್ತದೆ. ಮೊದಲು ಜ್ವರ ಬಂದು ಇಳಿಯುತ್ತದೆ. ಕೆಲವು ದಿನಗಳಲ್ಲಿ ಮರುಕಳಿಸುತ್ತದೆ. ಆಗ ಕೆಮ್ಮು, ವಾಂತಿ, ಭೇದಿ ತೋರುತ್ತವೆ. ಕೆಲವು ನಾಯಿಗಳಲ್ಲಿ ಅಂಗಾಲು ಗಟ್ಟಿಯಾಗುತ್ತದೆ. ವೈರಸ್ ಮಿದುಳನ್ನು ಹೊಕ್ಕರೆ ಸ್ನಾಯುಗಳ ಅದುರುವಿಕೆ, ಸೆಳವು, ಪಾರ್ಶ್ವವಾಯು ಉಂಟಾಗುತ್ತವೆ. ಹುಚ್ಚುನಾಯಿ ರೋಗದಲ್ಲಿಯೂ ಇಂತಹ ಚಿಹ್ನೆಗಳು ಇರಬಹುದಾದ್ದರಿಂದ ಅಂತಹ ನಾಯಿಯನ್ನು ಮುಟ್ಟದೆ ಪಶುವೈದ್ಯರಿಗೆ ತಿಳಿಸುವುದು ಕ್ಷೇಮ.

ವೈರಸ್ಸನ್ನೇ ನಾಶಮಾಡುವ ಔಷಧಿಯಿಲ್ಲ. ಶುಶ್ರೂಷೆಯಿಂದ ಕೆಲವು ನಾಯಿಗಳು ಉಳಿಯುತ್ತವೆ. ಲಸಿಕೆಯೇ ನಿಜವಾದ ರಕ್ಷಣೆ. ಆದರೆ ಒಂದು ಚುಚ್ಚುಮದ್ದಿನಿಂದ ಮರಿಗೆ ರಕ್ಷಣೆ ದೊರೆಯಿತೆಂದು ತಿಳಿಯುವುದು ತಪ್ಪು. ತಾಯಿಯ ಗಿಣ್ಣುಹಾಲಿನಿಂದ ಬಂದ ನಿರೋಧಶಕ್ತಿಯು ಲಸಿಕೆಯನ್ನೂ ನಿಷ್ಫಲಗೊಳಿಸಬಲ್ಲುದು; ಅದು ಒಂದೊಂದು ಮರಿಯಲ್ಲಿ ಒಂದೊಂದು ವಾರದಲ್ಲಿ ಕುಂದುತ್ತದೆ. ಆದುದರಿಂದಲೇ 6ರಿಂದ 8 ವಾರಗಳ ವಯಸ್ಸಿನಲ್ಲಿ ಆರಂಭಿಸಿ, 16 ವಾರ ತುಂಬುವವರೆಗೆ 2ರಿಂದ 4 ವಾರಗಳಿಗೊಮ್ಮೆ ಲಸಿಕೆ ಹಾಕಿಸಿ, ಮುಂದೆ ವೈದ್ಯರ ಸಲಹೆಯಂತೆ ನಡೆಯಬೇಕು.

ಈ ರೋಗದ ವ್ಯಾಪ್ತಿ ನಾಯಿಗಳಿಗಷ್ಟೇ ಸೀಮಿತವಲ್ಲ. ನರಿ, ತೋಳ, ಸೀಳುನಾಯಿ, ಪುನುಗು ಬೆಕ್ಕು, ಹುಲಿ, ಸಿಂಹಗಳಿಗೂ ಇದು ತಗಲುತ್ತದೆ. ಆಫ್ರಿಕಾದ ಸೆರೆಂಗೆಟಿಯಲ್ಲಿ 1994ರಲ್ಲಿ ಸಿಂಹಗಳ ಸುಮಾರು ಮೂರನೆಯ ಒಂದು ಭಾಗ ಇದರಿಂದ ಅಳಿಯಿತು. ಗುಜರಾತಿನ ಗಿರ್ ಅರಣ್ಯದಲ್ಲಿ 2018ರ ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ, ಪರೀಕ್ಷೆಯಲ್ಲಿ ಈ ವೈರಸ್ ಪತ್ತೆಯಾಯಿತು. ಏಷ್ಯಾದ ಸಿಂಹಗಳಿಗೆ ಕಾಡಿನಲ್ಲಿ ಉಳಿದಿರುವ ನೆಲೆ ಗಿರ್ ಮತ್ತು ಅದರ ಆಸುಪಾಸು ಮಾತ್ರ ಎಂಬುದನ್ನು ನೆನೆದರೆ ಅಪಾಯದ ಆಳ ತಿಳಿಯುತ್ತದೆ.

ಕರ್ನಾಟಕದ ಬಂಡೀಪುರ, ನಾಗರಹೊಳೆಗಳ ಅಂಚಿನಲ್ಲಿಯೂ ಊರುಗಳಿವೆ, ಊರುಗಳಲ್ಲಿ ನಾಯಿಗಳಿವೆ. ಊರನ್ನೂ ಕಾಡನ್ನೂ ಬೇರ್ಪಡಿಸುವ ಗೆರೆ ವೈರಸ್ಸಿಗೆ ತಿಳಿಯದು. ಸ್ವಂತ ನಾಯಿಯೊಂದಿಗೆ ಬೀದಿಯ ನಾಯಿಗೂ ಲಸಿಕೆ ದೊರೆಯುವಂತೆ ಊರು ಒಗ್ಗೂಡಿ ಏರ್ಪಾಟು ಮಾಡಿದರೆ, ಅಂಗಳದ ಮರಿಯೂ ಅಡವಿಯ ಮೃಗವೂ ಏಕಕಾಲಕ್ಕೆ ರಕ್ಷಿತವಾಗುವುವು. ಜೀವದಯೆಯನ್ನು ಆಚರಣೆಗೆ ತರಲು ಇದಕ್ಕಿಂತ ಸುಲಭವಾದ ಮಾರ್ಗ ವಿರಳ.